ಫ್ಯೂಜ್ ಕಿಸೆಯಲ್ಲಿಟ್ಟು ಬಾವಿ ಕಾದ ಅಮಸಿದ್ದ

ಆ ರಾತ್ರಿ ಅಮಸಿದ್ದ ಅವರನ್ನು ಎಬ್ಬಿಸಿದ್ದು ಒಂದು ಸಣ್ಣ ಸದ್ದು. ಕಬ್ಬಿಣಕ್ಕೆ ಸರಪಳಿ ತಾಗಿದ ಕಿಣ್. ಪಂಪ್ ಕೋಣೆಯಲ್ಲೇ ಮಲಗುವ ಅವರು ಬ್ಯಾಟರಿ ಹಿಡಿದು ಹೊರಬಂದರೆ, ಬಾವಿಯ ಮೇಲ್ಬದಿಯ ಹಳ್ಳಕ್ಕೆ ಟ್ಯಾಂಕರೊಂದು ಕಪ್ಪು ನೀರು ಸುರಿದು ಹೊರಟಿತ್ತು. ನಂಬರು ಸಿಕ್ಕಿತು. ಚಾಲಕನ ಮುಖವೂ ಕಂಡಿತು.

ಅದು ಎರಡು ವರ್ಷದ ಹಿಂದಿನ ಮಾತು. ಈಗ ಬೆಳಗಿನ ಐದೂವರೆ. ಗಡಿಯಾಚೆಯ ಜತ್ತ ತಾಲೂಕಿನ ದರಿಬಡಚಿ ಹಾದಿಯ ಈ ಊರಲ್ಲಿ ಅಮಸಿದ್ದ ಒಂದು ತಂಬಿಗೆ ನೀರು ಸೇದಿ, ಮೂಸಿ, ಬೆಳಕಿಗೆ ಹಿಡಿದು, ತಾವೇ ಮೊದಲು ಕುಡಿಯುತ್ತಾರೆ. ಆಮೇಲೆಯೇ ಮುನ್ನೂರು ಮನೆಗಳಿಗೆ ನಳ ಬಿಡುವುದು. ಅವರ ಬಗ್ಗೆ ಬರೆಯಲು ಬಂದ ನಾನು, ನನಗೂ ಕೊಟ್ಟ ತಂಬಿಗೆಯೊಳಗೆ ಎರಡು ಸಲ ಇಣುಕುತ್ತೇನೆ. "ಕುಡೀರಿ ಅಕ್ಕಾರ, ನಾ ಇನ್ನೂ ನಿಂತೇನಲ್ಲ!" ಎಂದು ನಗುತ್ತಾರೆ.

ಅವರು ಗ್ರಾಮ ಪಂಚಾಯಿತಿಯ ಜಲಸುರಕ್ಷಕ. ನೀರು ಬಿಡುವುದು, ಬ್ಲೀಚಿಂಗ್ ಪುಡಿ ಹಾಕುವುದು, ಪರೀಕ್ಷೆಗೆ ಬಾಟಲಿ ತುಂಬುವುದು ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ದಿನ ರಜೆ.

ಟ್ಯಾಂಕರ್ ಬಂದುಹೋದ ಬೆಳಿಗ್ಗೆ, ಹಳ್ಳದ ಹೊಲಸು ಇಳಿದು ಬಾವಿ ಹುಳಿತ ಕಬ್ಬಿನ ಕಾಕಂಬಿಯಂತೆ ನಾರುತ್ತಿತ್ತು. ನೀರೆಲ್ಲ ಲಗುಬಗೆಯಿಂದ ಎತ್ತಿ ಚೆಲ್ಲಲು ಊರು ಮುಂದಾಯಿತು. ಅಮಸಿದ್ದ ಪಂಪಿನ ಫ್ಯೂಜ್ ಕಿತ್ತು ಕಿಸೆಗೆ ಹಾಕಿಕೊಂಡು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು. ಜತ್ತದ ವಕೀಲೆ ಫರೀನ ಫೋನಿನಲ್ಲಿ ಹೇಳಿದ್ದರು: "ಮೊದ್ಲ ಪಂಚನಾಮಾ, ಆಮ್ಯಾಲ ಸಫಾಯಿ, ಕಾಕಾ. ನೀರು ಚೆಲ್ಲಿದ್ರ ಸಾಕ್ಷಿನೂ ಚೆಲ್ಲಿದಂಗ."

ಊರು ಬೈಯಿತು. ಹೆಂಡತಿ ಕಾಳವ್ವ ಎಲ್ಲರಿಗಿಂತ ಗಟ್ಟಿಯಾಗಿ: "ಬಾವಿಗಿ ರಾಜ ಆಗಿ ಕುಂತಾನ, ಮನ್ಯಾಗ ಎಮ್ಮಿ ನೀರಿಲ್ದ ಒದರಾಕತ್ತೈತಿ!"

ಮಧ್ಯಾಹ್ನ ಮೂರಕ್ಕೆ ಅಧಿಕಾರಿಗಳು ಬಂದು ಬಾಟಲಿಗಳಿಗೆ ಮೊಹರು ಹಾಕಿದ ಮೇಲೆಯೇ ಫ್ಯೂಜ್ ಹೊರಬಂತು.

ಸಫಾಯಿ ಮೂರು ದಿನ ನಡೆಯಿತು. ಉಟಗಿ, ಮಾಡಗ್ಯಾಳದಿಂದಲೂ ಜನ ಟ್ರ್ಯಾಕ್ಟರ್ ತಂದರು. ಅಮಸಿದ್ದ ಪ್ರತಿಯೊಬ್ಬರ ಹೆಸರು, ದುಡಿದ ತಾಸು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. "ಶ್ರಮದಾನಕ್ಕ ಹಾಜರಿ ಹಿಡ್ಯಾಂವ ಜಗತ್ತಿನ್ಯಾಗ ನೀನೊಬ್ಬನ ನೋಡಪಾ" ಎಂದು ಗೆಳೆಯ ವಿಠೋಬ ಚುಚ್ಚಿದ. ಇಲ್ಲಿ ಪುಣ್ಯದ ಕೆಲಸವನ್ನು ಯಾರೂ ಎಣಿಸುವುದಿಲ್ಲ. ಆದರೆ ಆ ಎಣಿಕೆಯೇ ಮುಂದೆ ಪರಿಹಾರದ ಅರ್ಜಿಗೆ ಆಧಾರವಾಯಿತು.

ಫರೀನ ನನಗೆ ಬಿಡಿಸಿ ಹೇಳುತ್ತಾರೆ: "ಪೊಲೀಸ್ ಕೇಸಿನಿಂದ ಶಿಕ್ಷಾ ಆಗತೈತ್ರಿ. ಮಾಲಿನ್ಯ ಮಂಡಳಿಗಿ ತಕರಾರ ಕೊಟ್ರ ಹೊಲಸು ಬಿಡೂದು ನಿಲ್ಲತೈತಿ. ಎರಡೂ ಮಾಡಿದ್ವಿ. ಆದ್ರ ಊರು ಮಾಡಿದ ಖರ್ಚು ಊರಿಗೇ ಬರಬೇಕಂದ್ರ ಪುಣೆದ ಹಸಿರು ನ್ಯಾಯಮಂಡಳಿಗಿ ಹೋಗಬೇಕು. ಅದಕ್ಕ ಐದು ವರ್ಷದ ಮುದತ್ ಐತಿ. ಭಾಳ ಮಂದಿಗೆ ಗೊತ್ತಿಲ್ಲ."

ಟ್ಯಾಂಕರಿನ ನಂಬರಿನಿಂದ ಪತ್ತೆಯಾದ ಸಕ್ಕರೆ ಕಾರ್ಖಾನೆಯವರು ತಪ್ಪೆಲ್ಲ ಬಾಡಿಗೆ ಟ್ಯಾಂಕರಿನ ಚಾಲಕನದೆಂದರು, ಅವನ ಹೆಸರು ಮಾತ್ರ ಗೊತ್ತಿಲ್ಲವೆಂದರು. ಹೊಲಸು ಯಾರದೋ, ಖರ್ಚೂ ಅವರದೇ ಎಂದಿತು ನ್ಯಾಯಮಂಡಳಿ. ಕಳೆದ ತಿಂಗಳು ಹಣ ಪಂಚಾಯಿತಿಗೆ ಬಂದಿದೆ. ದುಡಿದವರು ತಮ್ಮ ಪಾಲಿನ ಕೂಲಿಯನ್ನು ಹಳ್ಳದ ಕಡೆ ಗೋಡೆ ಕಟ್ಟಲು ಬಿಟ್ಟುಕೊಟ್ಟಿದ್ದಾರೆ.

ಊರು ಮಾತ್ರ ಇಂದಿಗೂ ಚಾಲಕ ಯಾರೆಂದು ಕೇಳುತ್ತದೆ. ಸಿಕ್ಕರೆ ಬಿಡುವವರಲ್ಲ. ನಾನೂ ಕೇಳುತ್ತೇನೆ, ಕೇಳಿದ ಮೇಲೆ, ಹೇಳಿಬಿಟ್ಟರೆ ಏನು ಮಾಡಲಿ ಎಂದು ಅಳುಕುತ್ತೇನೆ.

ಅಮಸಿದ್ದ ಹಾಜರಿ ವಹಿ ತೆರೆಯುತ್ತಾರೆ. ಒಂದು ಸಾಲಿನಲ್ಲಿ ಹೆಸರಿಲ್ಲ, ಹೆಬ್ಬೆಟ್ಟಿಲ್ಲ. ಹತ್ತು ತಾಸು ಎಂದಷ್ಟೇ ಇದೆ.

"ಸಫಾಯಿ ಎರಡನೇ ದಿನ ತಾನಾಗೇ ಬಂದಾ ರೀ. ಪರಊರ ಮಂದಿ ಭಾಳ ಇದ್ರು, ಯಾರಿಗೂ ಗುರ್ತ ಹತ್ತಲಿಲ್ಲ. ಎಲ್ಲಾರಕಿಂತ ಮೊದ್ಲ ಬಾವಿಗಿ ಇಳದಾ, ಕಡೀಕ ಮ್ಯಾಲ ಬಂದಾ. ಚಾ ಕೊಟ್ರ ಒಲ್ಲೆ ಅಂದಾ. ನಾ ಗುರ್ತ ಹಿಡದು ಅವನ ಮಾರಿ ನೋಡಿದ್ನಿ, ಅಂವ ನೆಲಾ ನೋಡಿದಾ."

ವಹಿ ಮುಚ್ಚಿ ಏಳುತ್ತಾರೆ. ನಳ ಬಿಡುವ ಹೊತ್ತಾಗಿದೆ.

"ಹೆಸರೊಂದ ಬಿಟ್ಟು ಏನರ ಬರ್ಕೋರಿ, ಅಕ್ಕಾರ. ಅದನ್ನ ನಮ್ಮ ಕಾಳವ್ವಗೂ ಹೇಳಿಲ್ಲ. ಹೇಳಂಗೂ ಇಲ್ಲ."