ಎಡಗಣ್ಣಿನ ಕಾಡಿಗೆ

ನಮ್ಮ ಮನೆಯಲ್ಲಿ ಕಾಡಿಗೆ ಹಚ್ಚಿಕೊಳ್ಳುವವರು ಇಬ್ಬರು: ನಾನು, ಮತ್ತು ನಮ್ಮ ಮನೆಯವರು. ನಾನು ಬೇಕೆಂದೇ ಹಚ್ಚಿಕೊಳ್ಳುತ್ತೇನೆ. ಅವರಿಗೆ ಅದು ದೂರದರ್ಶಕದಿಂದ ಬಳುವಳಿಯಾಗಿ ಬರುತ್ತದೆ. ದೂರದರ್ಶಕದಲ್ಲಿ ಕಣ್ಣಿಡುವ ಕಡೆ ಒಂದು ಕಪ್ಪು ರಬ್ಬರಿನ ಬಳೆ ಇರುತ್ತದೆ, ನೀವು ನೋಡಿರಬಹುದು. ಹೊರಗಿನ ಬೆಳಕು ಒಳಗೆ ನುಸುಳದಂತೆ ಕಣ್ಣನ್ನು ಅದಕ್ಕೆ ಒತ್ತಿ ಹಿಡಿಯಬೇಕು. ಮೊದಲು ನಾನು ಒತ್ತುತ್ತೇನೆ, ನನ್ನ ಕಾಡಿಗೆಯ ಒಂದು ಪಾಲು ಬಳೆಗೆ. ಆಮೇಲೆ ಅವರು ಒತ್ತುತ್ತಾರೆ, ಬಳೆಯ ಪಾಲು ಅವರಿಗೆ. ತಾರಸಿಯಿಂದ ಇಳಿದು ಊಟಕ್ಕೆ ಕೂತಾಗ ಅವರ ಬಲಗಣ್ಣಿನ ಸುತ್ತ ತೆಳ್ಳನೆಯ ಕಪ್ಪು ಉಂಗುರ ಮೂಡಿರುತ್ತದೆ, ಮಗಳು ಕಾವ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ.

ಅವರು ರೈಲು ಎಂಜಿನ್ನಿನ ಚಾಲಕರು. ಹುಬ್ಬಳ್ಳಿಯವರು, ಕೆಲಸ ಸಿಕ್ಕಿದ್ದು ವಡೋದರೆಯಲ್ಲಿ. ಇಪ್ಪತ್ತೆರಡು ವರ್ಷದಿಂದ ಸೂರತ್ತಿಗೆ ಹೋಗುವುದು, ಅಹಮದಾಬಾದಿಗೆ ಹೋಗುವುದು, ಬರುವುದು. ನಾನು ಅದೇ ಊರಿನ ಫತೇಗಂಜಿನ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅಲ್ಲೇ ಹಾಸ್ಟೆಲು ಖಾಲಿ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಹೊತ್ತೊಯ್ಯಲಾರದೆ ಬಿಟ್ಟುಕೊಟ್ಟ ದೂರದರ್ಶಕ ಇದು. ಊರ ಇನ್ನೊಂದು ತುದಿಯ ಮಕರಪುರದ ನಮ್ಮ ತಾರಸಿಗೆ ಬಂದಮೇಲೆ ಅದಕ್ಕೆ ನಮ್ಮ ಮನೆಯವರು ತಮ್ಮ ಎಂಜಿನ್ನಿನ ಪದ್ಧತಿಯನ್ನೇ ಅಂಟಿಸಿದರು. ಎಂಜಿನ್ನಿನಲ್ಲಿ ಸಿಗ್ನಲ್ ಕಂಡಕೂಡಲೇ ಸಹಾಯಕ ಬಣ್ಣವನ್ನು ಕೂಗಿ ಹೇಳಬೇಕು, ಚಾಲಕ ತಾನೂ ನೋಡಿ ಅದನ್ನೇ ತಿರುಗಿ ಹೇಳಬೇಕು. ಒಂದು ಕಣ್ಣು ತಪ್ಪಿದರೆ ಇನ್ನೊಂದು ಹಿಡಿಯಲಿ ಅಂತ. ತಾರಸಿಯಲ್ಲಿ ನಾನು ಸಹಾಯಕಿ. "ಶನಿಯ ಬಳೆ, ಓರೆ," ಎನ್ನುತ್ತೇನೆ. ಅವರು ನೋಡಿ, "ಬಳೆ, ಓರೆ," ಎನ್ನುತ್ತಾರೆ. "ಗುರುವಿನ ಚಂದ್ರ ಮೂರು." "ಚಂದ್ರ ಮೂರು." ಆಮೇಲೆ ನಾನು ವಹಿಯಲ್ಲಿ ಬರೆದುಕೊಳ್ಳುತ್ತೇನೆ. ಗಂಡ ಹೆಂಡತಿಯ ಮಾತನ್ನು ಎದುರಾಡದೆ ಒಪ್ಪಿಕೊಳ್ಳುವ ಮನೆ ಇಡೀ ಗುಜರಾತಿನಲ್ಲಿ ನಮ್ಮದೊಂದೇ ಇರಬೇಕು ಎಂದು ನಾನು ಬೀಗುತ್ತಿದ್ದೆ.

ಹೋದ ವರ್ಷ ನವರಾತ್ರಿ ಮುಗಿದು, ಗರ್ಬಾದ ಧ್ವನಿವರ್ಧಕಗಳೆಲ್ಲ ಇಳಿದು, ಮಳೆಗಾಲ ತೊಳೆದುಬಿಟ್ಟ ಆಕಾಶ ತಿಳಿಯಾಗಿ ನಿಂತಿತ್ತು. ಸಂಜೆ ಏಳಕ್ಕೆಲ್ಲ ರಾಜಹಂಸ ನಕ್ಷತ್ರಪುಂಜ ನೆತ್ತಿಯ ಮೇಲೆ. ಆ ಹಂಸದ ಕೊಕ್ಕಿನಲ್ಲಿ ಒಂದು ನಕ್ಷತ್ರವಿದೆ. ಬರಿಗಣ್ಣಿಗೆ ಒಂದು, ದೂರದರ್ಶಕಕ್ಕೆ ಎರಡು. ಒಂದು ಅರಿಶಿನ ಹಳದಿ, ಪಕ್ಕದಲ್ಲೇ ಇನ್ನೊಂದು ನೀಲಿ. ನಮಗಿಬ್ಬರಿಗೂ ಅದರ ಮೇಲೆ ಬಲು ಪ್ರೀತಿ. ಅಂದು ನೋಡಿ, ಕೂಗಿ, ಬರೆದು ಕೆಳಗಿಳಿದು ಊಟಕ್ಕೆ ಕೂತೆವು. ಕಾವ್ಯಾ ಅಪ್ಪನ ಮುಖ ನೋಡಿ, "ಪಪ್ಪಾ, ಇವತ್ತು ಕಾಜಲ್ ಡಾಬಿ ಬಾಜು!" ಎಂದಳು. ಅವಳ ಕನ್ನಡ ಅರ್ಧಕ್ಕೆ ಬಂದು ಗುಜರಾತಿಗೆ ಹೊರಳಿಕೊಳ್ಳುತ್ತದೆ; ಡಾಬಿ ಬಾಜು ಎಂದರೆ ಎಡಗಡೆ.

ಹೌದು, ಉಂಗುರ ಎಡಗಣ್ಣಿನ ಸುತ್ತ ಇತ್ತು. ಅವರು ನಗುತ್ತ ಒರೆಸಿಕೊಂಡರು. ನನ್ನ ಕೈಯಲ್ಲಿದ್ದ ರೊಟ್ಟಿ ಮಾತ್ರ ಬಾಯಿಗೆ ಹೋಗಲಿಲ್ಲ. ಎಂಟು ವರ್ಷದಿಂದ ಬಲಗಣ್ಣಿನಲ್ಲೇ ನೋಡುತ್ತಿದ್ದ ಮನುಷ್ಯ ಕಣ್ಣು ಬದಲಿಸಿದ್ದೇಕೆ? ಬೇಸಿಗೆಯಿಂದ ಮೊಬೈಲನ್ನು ಓರೆಯಾಗಿ ಹಿಡಿಯುತ್ತಿದ್ದುದು ನೆನಪಾಯಿತು. ಎದುರಿನ ಗಾಡಿಗಳ ದೀಪ ಒಡೆದು ಕಾಣುತ್ತದೆ ಎಂದು ಸ್ಕೂಟರಿನಲ್ಲಿ ಒಮ್ಮೆ ಗೊಣಗಿದ್ದೂ ನೆನಪಾಯಿತು.

ಮರುದಿನ ನಾನೊಂದು ಕಪಟ ಮಾಡಿದೆ. ಇಂದಿಗೂ ಅದಕ್ಕೆ ನನಗೆ ನಾಚಿಕೆಯಿದೆ. ದೂರದರ್ಶಕವನ್ನು ಹಂಸದ ಕೊಕ್ಕಿಗೆ ಹಿಡಿಯದೆ, ಸ್ವಲ್ಪ ಮೇಲೆ, ಎದೆಯಲ್ಲಿರುವ ಬಿಡಿ ನಕ್ಷತ್ರಕ್ಕೆ ಹಿಡಿದೆ. ಅವರು ಬಂದಾಗ, "ಇವತ್ತ ನೀವ ಮೊದ್ಲ ಹೇಳ್ರಿ. ಬಲಗಣ್ಣಿಲೆ ನೋಡ್ರಿ," ಎಂದೆ. ಅವರು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಹಳದಿ ಒಂದು," ಎಂದರು. ಆಮೇಲೆ, "ನೀಲಿ ಒಂದು."

ನಾನು ತಿರುಗಿ ಹೇಳಲಿಲ್ಲ. ನಮ್ಮ ಪದ್ಧತಿಯಲ್ಲಿ ಕೂಗಿಗೆ ಉತ್ತರ ಬರದಿದ್ದರೆ ಏನೋ ತಪ್ಪಿದೆ ಎಂದೇ ಅರ್ಥ. ಅವರು ನಿಧಾನಕ್ಕೆ ತಲೆಯೆತ್ತಿದರು.

"ಅದು ಕೊಕ್ಕ ಅಲ್ರೀ. ಎದೀ ಚುಕ್ಕಿ. ಒಂದ ಐತಿ," ಎಂದೆ.

ಸ್ನೇಹಿತರೇ, ಅವರು ಸುಳ್ಳು ಹೇಳಿರಲಿಲ್ಲ. ಮಂಜಾದ ಕಣ್ಣಿಗೆ ಒಂದು ಚುಕ್ಕಿ ಒಡೆದು ಎರಡಾಗಿ ಕಂಡಿತ್ತು, ಬಣ್ಣವನ್ನು ನೆನಪು ತುಂಬಿಕೊಟ್ಟಿತ್ತು. ಇಂಥದ್ದು ದೊಡ್ಡ ದೊಡ್ಡವರಿಗೂ ಆಗಿದೆ. ಮಂಗಳನ ಮೇಲೆ ಕಾಲುವೆಗಳಿವೆ ಎಂದು ನಂಬಿದ ಪಂಡಿತರು ದೂರದರ್ಶಕದಲ್ಲಿ ಕಾಲುವೆಗಳನ್ನೇ ಕಂಡು ನಕ್ಷೆ ಬರೆದಿಟ್ಟರು. ಅಲ್ಲಿ ಕಾಲುವೆ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಮಂಗಳನ ಕಾಲುವೆಯಿಂದ ಯಾರ ಪ್ರಾಣವೂ ಹೋಗಲಿಲ್ಲವಲ್ಲ. ನನ್ನೆದುರಿಗೆ ನಿಂತಿದ್ದ ಮನುಷ್ಯ ಮರುದಿನ ಬೆಳಗಿನ ಆರಕ್ಕೆ ಕೆಲಸಕ್ಕೆ ಹಾಜರಾಗಿ ಸೂರತ್ತಿನ ಕಡೆಯ ಗಾಡಿ ಹತ್ತಬೇಕಿತ್ತು, ಹಿಂದೆ ತುಂಬಿದ ಬೋಗಿಗಳನ್ನು ಕಟ್ಟಿಕೊಂಡು.

"ಎಡಗಣ್ಣು ಚಲೋ ಐತಿ," ಎಂದರು. "ಸೂರತ್ ದಾಟಿ ಉಧ್ನಾ ತನಕ ಒಂದೊಂದು ಸಿಗ್ನಲ್ ಕಂಬ ನನಗ ಬಾಯಿಪಾಠ ಐತಿ."

"ಬಾಯಿಪಾಠ ಇದ್ದದ್ದಕ್ಕ ಅಲ್ಲೇನ್ರಿ ಈಗ ತಪ್ಪಿದ್ದು?"

ಅವರು ತಾರಸಿಯ ಕಟ್ಟೆ ಹಿಡಿದು ನಿಂತರು. ರೈಲ್ವೆಯವರು ಆಗಾಗ ಮಾಡುವ ಕಣ್ಣಿನ ಪರೀಕ್ಷೆಗೆ ಇನ್ನೂ ಸಮಯವಿತ್ತು. ತಾವಾಗಿ ಹೇಳಿಕೊಂಡರೆ ಅಂದೇ ಎಂಜಿನ್ನಿನಿಂದ ಇಳಿಸುತ್ತಾರೆ, ಮತ್ತೆ ಹತ್ತಿಸುತ್ತಾರೋ ಇಲ್ಲವೋ ಹೇಳಬರುವುದಿಲ್ಲ. ಅದು ನನಗೂ ಗೊತ್ತಿತ್ತು. "ಎಂಜಿನ್ ಬಿಟ್ಟ ನಾ ಏನ್ ಮಾಡ್ಲಿ, ಹೇಳು," ಎಂದರು. ನನ್ನ ಬಳಿ ಇದ್ದದ್ದು ಒಂದೇ ಮಾತು, ಅದನ್ನು ಆಡಿಬಿಟ್ಟೆ: "ನೀವು ಹೇಳಲಿಲ್ಲಂದ್ರ ಸ್ಟೇಷನ್ನಿಗೆ ನಾನ ಬಂದು ಹೇಳ್ತೀನ್ರಿ." ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರಿಗೆ ನಾನು ಹಾಕಿದ ಮೊದಲ ಬೆದರಿಕೆ ಅದು. ಅವರು ಊಟ ಮಾಡಲಿಲ್ಲ.

ಬೆಳಗ್ಗೆ ಎಂದಿನಂತೆ ಡಬ್ಬಿ ಕಟ್ಟಿದೆ. ಎಂದಿನಂತೆ ಪೆಟ್ಟಿಗೆ ಎತ್ತಿಕೊಂಡು ಹೊರಟರು. ನಮ್ಮ ಮನೆಯ ಹಿಂದೆ ಹಳಿ ತಿರುಗುವ ಕಡೆ ಅವರ ಗಾಡಿ ಬಂದಾಗ ಒಂದು ಗಿಡ್ಡ ಕೂಗು ಹಾಕಿ ಹೋಗುವುದು ರೂಢಿ. ಅದು ನಮಗೆ ಮಾತ್ರ ಗೊತ್ತಿರುವ ‘ಹೋಗಿಬರುತ್ತೇನೆ’. ಬಾಲ್ಕನಿಯಲ್ಲಿ ನಿಂತೆ. ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದೆ. ಆಟೋ ಹಿಡಿದು ಸ್ಟೇಷನ್ನಿಗೆ ಓಡಲೋ, ಓಡಿ ಕಟ್ಟಿಕೊಂಡ ಗಂಡನ ಮೇಲೆಯೇ ದೂರು ಹೇಳಲೋ, ಅಥವಾ ಅವರನ್ನು ನಂಬಲೋ? ಏಳು ಹೊಡೆಯುವ ಹೊತ್ತಿಗೆ ಗಾಡಿ ಬಂತು. ಕಿವಿ ನಿಮಿರಿಸಿದೆ. ಬೋಗಿಯ ಮೇಲೆ ಬೋಗಿ ಧಡಧಡನೆ ಕಳೆಯಿತು, ಕೂಗು ಬರಲಿಲ್ಲ. ಎಂಜಿನ್ನಿನಲ್ಲಿ ಅವರು ಇರಲಿಲ್ಲವೋ, ಇದ್ದೂ ನನ್ನ ಮೇಲಿನ ಸಿಟ್ಟಿಗೆ ಕೂಗಲಿಲ್ಲವೋ? ನಕ್ಷತ್ರದಿಂದ ಬೆಳಕು ಬರಲು ಎಷ್ಟೋ ವರ್ಷ ಹಿಡಿಯುತ್ತದೆ, ಈಗ ಕಾಣುವುದು ಎಂದೋ ಹೊರಟ ಬೆಳಕು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೆ. ಸುದ್ದಿ ತಡವಾಗುವುದೆಂದರೇನು ಎಂದು ತಿಳಿದದ್ದು ಆ ಮೂರು ಗಂಟೆಗಳಲ್ಲಿ. ಫೋನು ಮಾಡಲು ಧೈರ್ಯವಾಗಲಿಲ್ಲ, ಶಾಲೆಗೂ ಹೋಗಲಿಲ್ಲ.

ಹತ್ತಕ್ಕೆ ಬಾಗಿಲು ತಟ್ಟಿದರು. ಕೈಯಲ್ಲಿ ಪೆಟ್ಟಿಗೆ, ಬಿಚ್ಚದ ಡಬ್ಬಿ. "ಹೇಳಿ ಬಂದೆ," ಎಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ, ಯಾವುದಕ್ಕೆಂದು ಕೇಳಬೇಡಿ.

ಬಲಗಣ್ಣಿಗೆ ಪೊರೆ ಎಂದರು ವೈದ್ಯರು. ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರು. ಮತ್ತೆ ಎಂಜಿನ್ ಹತ್ತುವ ಮಾತನ್ನು ಯಾರೂ ಕೊಡಲಿಲ್ಲ. ಅಲ್ಲಿಯವರೆಗೆ ಕಚೇರಿಯಲ್ಲಿ ಕಡತ ಜೋಡಿಸುವ ಕೆಲಸ. ಹತ್ತು ದಿನ ನನ್ನೊಡನೆ ಉಪ್ಪು, ನೀರು ಎನ್ನುವಷ್ಟೇ ಮಾತು. ಸಂಜೆ ನಾನೊಬ್ಬಳೇ ತಾರಸಿಗೆ ಹೋಗುತ್ತಿದ್ದೆ, ನೋಡಿ ಯಾರಿಗೂ ಕೂಗದೆ ಬರುತ್ತಿದ್ದೆ.

ಹನ್ನೊಂದನೆಯ ಸಂಜೆ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು. ನಾನಿನ್ನೂ ಕಣ್ಣಿಟ್ಟಿರಲಿಲ್ಲ. "ಅತ್ತಾಗ ಸರಿ. ಇವತ್ತ ಕೂಗು ನಂದು," ಎಂದರು. ಕರವಸ್ತ್ರದಿಂದ ರಬ್ಬರಿನ ಬಳೆಯನ್ನು ಒರೆಸಿ, ಬಲಗಣ್ಣನ್ನು ಒತ್ತಿ ಬಗ್ಗಿದರು. ಹಿಡಿದದ್ದು ಹಂಸದ ಕೊಕ್ಕೇ. ಅಲ್ಲಿ ಏನಿದೆಯೆಂದು ಅವರಿಗೆ ನಿದ್ದೆಯಲ್ಲೂ ಗೊತ್ತು.

"ಬಲಗಣ್ಣು," ಎಂದರು. "ಮಸುಕು. ಎಷ್ಟು ಅದಾವ ತಿಳೀವಲ್ತು. ಬಣ್ಣ ಇಲ್ಲ."

"ಬಲಗಣ್ಣು. ಮಸುಕು. ಬಣ್ಣ ಇಲ್ಲ," ಎಂದೆ. ವಹಿ ಈಸಿಕೊಂಡು ಅದನ್ನು ತಮ್ಮ ಕೈಯಾರೆ ಬರೆದರು. ಎಂಟು ವರ್ಷದ ವಹಿಯಲ್ಲಿ ಅವರ ಅಕ್ಷರ ಅದೊಂದೇ ಸಾಲು. ಆಮೇಲೆ ನಾನು ನೋಡಿದೆ, ಹಳದಿಯೂ ನೀಲಿಯೂ ತಮ್ಮ ಜಾಗದಲ್ಲಿದ್ದವು.

ಊಟಕ್ಕೆ ಕೂತಾಗ ಕಾವ್ಯಾ ಅಪ್ಪನ ಮುಖವನ್ನು ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು. ಎಲ್ಲೂ ಕಾಡಿಗೆಯಿಲ್ಲ.

"ಪಪ್ಪಾ, ಇವತ್ತು ಸ್ಟಾರ್ ನೋಡಿಲ್ವಾ?"

"ನೋಡೀನಿ," ಎಂದರು ರೊಟ್ಟಿ ಮುರಿಯುತ್ತ. "ಇವತ್ತ ನಾನ ನೋಡೀನಿ."