ಒಂದು ಗಳಿಗೆಗೆ ಇಟ್ಟ ಹೆಸರು

ಅಮ್ಮನಿಗೆ ನೀರಿಳಿತದ ಹೊತ್ತು ಹೇಳುವ ಪ್ರೋಗ್ರಾಂ ಬರೆಯುವ ಹುಚ್ಚು ನನಗೆ ಹಿಡಿದದ್ದು ಕಳೆದ ಮಾಘದಲ್ಲಿ. ಸದಾಶಿವಗಡದ ಕೆಳಗೆ ಕಾಳಿ ಹೊಳೆ ಇಳಿದಾಗ ಅವಳು ಕೆಸರಿನಲ್ಲಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಲು ಹೋಗುತ್ತಾಳೆ. ಹೊತ್ತು ತಪ್ಪಿದರೆ ಚಿಪ್ಪೂ ಇಲ್ಲ, ದಡ ಸೇರುವ ದಾರಿಯೂ ಇಲ್ಲ. ತಿಥಿಗೆ ಎರಡು ಗಳಿಗೆಯಂತೆ ಮುಂದೆ ಸರಿಸಿ, ಕೊನೆಗೆ ಒಂದು ಗಳಿಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷ, ಸೇರಿಸುವುದು ಅವಳ ಲೆಕ್ಕ. ಈಚೆಗೆ ಅವಳಿಗೆ ತಿಥಿಯೇ ಮರೆಯುತ್ತಿತ್ತು. ನನಗೆ ಹೆದರಿಕೆ ಹತ್ತಿತ್ತು.

ಮಧ್ಯಾಹ್ನದ ಜಗಲಿ. ಅವಳು ತೂಕಡಿಸುತ್ತ, ಬೆರಳು ಮಡಿಸುತ್ತ ಲೆಕ್ಕ ಹೇಳಿದಳು. ನಾನೂ ಅರೆನಿದ್ದೆಯಲ್ಲೇ ಹಾಗೇ ಬರೆದುಕೊಂಡೆ. ನನ್ನ ಕಸುಬಿನದು ಫಂಕ್ಷನಲ್ ಎಂಬ ಬಗೆಯ ಪ್ರೋಗ್ರಾಂ ಭಾಷೆ. ಅಲ್ಲಿ ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು, ಬದಲಾಗದು. ಮೊದಲು ಕಲಿತ ಹಳೆಯ ಭಾಷೆಯ ರೂಢಿಯಲ್ಲಿ, ಕೊನೆಗೆ ಸೇರಿಸುವ ಆ ಸ್ಥಿರಾಂಕದ ಹೆಸರನ್ನು ಪೂರ್ತಿ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದೆ. ಬರೆದದ್ದನ್ನು ತಪಾಸಿಸಿ ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಒಪ್ಪಲಿಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅದು. ಎಲ್ಲವೂ ಸ್ಥಿರವಾಗಿರುವ ಕಡೆ, ಇದು ಸ್ಥಿರ ಎಂದು ಕೂಗುವ ಅಗತ್ಯವಿಲ್ಲವಂತೆ. ಸಣ್ಣಕ್ಷರದಲ್ಲಿ ‘ಒಂದು ಗಳಿಗೆ’ ಎಂದಿಟ್ಟೆ.

ಓದಿ ನೋಡಿದ ಸಹೋದ್ಯೋಗಿ ಫೋನಿನಲ್ಲಿ ನಕ್ಕಳು. “ಇದು ಬೆಲೆ ಕಣೇ, ಹೆಸರಲ್ಲ. ನಾಳೆ ಒಂದೂವರೆ ಮಾಡಿದ್ರೆ? ಯಾಕೆ ಸೇರಿಸ್ತೀಯ ಅನ್ನೋದನ್ನ ಹೆಸರು ಹೇಳ್ಬೇಕು.”

ಯಾಕೆಂದು ನನಗೂ ಗೊತ್ತಿರಲಿಲ್ಲ. ಬಳಚು ತೊಳೆಯುತ್ತಿದ್ದ ಅಮ್ಮನನ್ನು ಕೇಳಿದೆ.

“ನೀರು ಮೊದ್ಲು ಮನೆ ಹತ್ರ ಇಳಿತದೆ. ಇಲ್ಲಿ ಇಳೂಕೆ ಮತ್ತೊಂದು ಗಳಿಗೆ ಬೇಕು.”

ಮನೆಯೆಂದರೆ ಚೆಂಡಿಯಾ ಕಡೆಯ ಹಳೆಯ ಮನೆ. ಆ ಜಾಗ ನೌಕಾನೆಲೆಗೆ ಹೋಗಿ ನಾವು ಹೊಳೆ ದಾಟಿ ಬಂದಾಗ ನಾನಿನ್ನೂ ಶಾಲೆಯಲ್ಲಿದ್ದೆ. ಈಗ ಆ ಕಡಲದಂಡೆಗೆ ಬೇಲಿ. ಇಷ್ಟು ವರ್ಷ ಅಮ್ಮ ದಿನವೂ ಮನಸ್ಸಿನಲ್ಲೇ ಅಲ್ಲಿಗೆ ಹೋಗಿ, ಅಂಗಳದಾಚೆ ನೀರು ಇಳಿಯುವುದನ್ನು ನೋಡಿ, ಆಮೇಲೆ ಇಲ್ಲಿಗೆ ಬರುತ್ತಿದ್ದಳು. ಹೆಸರು ಬದಲಿಸಿದೆ: ‘ಮನೆಯಿಂದ ಇಲ್ಲಿಗೆ’.

ಕಾರಣ ತಿಳಿದ ಸಹೋದ್ಯೋಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. “ಹಾಗಿದ್ರೆ ಇಲ್ಲಿಯ ಹೊತ್ತನ್ನೇ ನೇರ ಬರಿ. ಮನೆ ಹೊತ್ತಿಗೆ ಗಳಿಗೆ ಸೇರಿಸೋ ಆ ಸಾಲೇ ಬೇಡ. ಉತ್ತರ ಅದೇ ಬರುತ್ತೆ.”

ಅವಳು ಹೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಸಿಟ್ಟು ಬಂತು. ಆದರೂ ಅಮ್ಮನನ್ನು ಕೇಳಿದೆ: “ಆಯಿ, ಮನೆ ಹೊತ್ತು ತೆಗೆದು ಇಲ್ಲಿದೊಂದೇ ಇಡ್ಲಾ?”

“ಇಡು. ನಿನ್ನ ಮಷಿನಿಗೆ ಅಲ್ಲೆಂತ ಕೆಲ್ಸ?” ಎಂದಳು. ಬಳಚನ್ನು ಎರಡು ಸಲ ನೀರು ಬದಲಿಸಿ ತೊಳೆದಳು. ಆಮೇಲೆ ತಲೆಯೆತ್ತದೆ ಕೇಳಿದಳು: “ನಂಗಂತೂ ಮರ್ತು ಹೋಗ್ತದೆ. ಮತ್ತೆ ಅಲ್ಲಿ ನೀರು ಯಾವಾಗ ಇಳಿತದೆ ಅಂತ ಯಾರು ಹೇಳ್ತರು?”

ಆ ಸಾಲನ್ನು ನಾನು ಅಳಿಸಲಿಲ್ಲ. ಫೋನು ಈಗ ದಿನವೂ ಎರಡು ಹೊತ್ತು ತೋರಿಸುತ್ತದೆ, ಮನೆಯದು ಮತ್ತು ಇಲ್ಲಿಯದು. ಮೊದಲನೆಯದಕ್ಕೆ ಅಮ್ಮ ಜಗಲಿಗೆ ಬಂದು ಸುಮ್ಮನೆ ಕೂರುತ್ತಾಳೆ. ಎರಡನೆಯದಕ್ಕೆ ಬುಟ್ಟಿ ಎತ್ತಿಕೊಳ್ಳುತ್ತಾಳೆ. ನಡುವಿನ ಆ ಒಂದು ಗಳಿಗೆ ನಾನು ಅವಳನ್ನು ಮಾತಾಡಿಸುವುದಿಲ್ಲ.