ಇಟಲಿಯ ಡ್ರೈವರ್ ಕೇಳಿದ ಒಂದು ಮಾತು

ಆಗಿನ್ನೂ ಅಮೆರಿಕದ ಮರ್ಫಿಯಲ್ಲಿ ನಮ್ಮ ಬೀದಿ ಮುಗಿದಲ್ಲಿಗೆ ಊರೂ ಮುಗಿಯುತ್ತಿತ್ತು. ಕೊನೆಯ ಮನೆ ನಮ್ಮದು. ಅದರಾಚೆ ಒಂದು ಬೇಲಿ, ಬೇಲಿಯಾಚೆ ಒಣಹುಲ್ಲು, ಅದರಲ್ಲಿ ನಾಲ್ಕೈದು ಹಸು. ಈಗ ಅಲ್ಲೆಲ್ಲ ಒಂದೇ ಬಣ್ಣದ ಮನೆಗಳೆದ್ದಿವೆ. ಅಜ್ಜ ಹುಬ್ಬಳ್ಳಿಯಿಂದ ಆರು ತಿಂಗಳಿಗೆಂದು ಬಂದದ್ದು ಆ ಹಸುಗಳಿದ್ದ ಕಾಲದಲ್ಲಿ. ನನಗೆ ಹನ್ನೊಂದು ವರ್ಷ. ಮನೆಯಲ್ಲಿ ಆಡುವ ಕನ್ನಡವೆಲ್ಲ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆದರೆ ಬರುತ್ತಿದ್ದುದು ಇಂಗ್ಲಿಷ್. ಓದಲು, ಬರೆಯಲು ಒಂದಕ್ಷರವೂ ಬರುತ್ತಿರಲಿಲ್ಲ.

ಅಜ್ಜ ಮೂವತ್ತು ವರ್ಷ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಹುಬ್ಬಳ್ಳಿಯಿಂದ ಕಾರವಾರ, ಕಾರವಾರದಿಂದ ಹುಬ್ಬಳ್ಳಿ, ನಡುವೆ ಅರಬೈಲ್ ಘಟ್ಟ. ಅಪ್ಪನ ಕಾರಿನಲ್ಲಿ ಹಾಲು ತರಲು ಹೊರಟರೂ ಮೊದಲು ಸ್ಟಿಯರಿಂಗ್ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ, ತಾನು ಓಡಿಸುವುದಿಲ್ಲವಾದರೂ. ಅಮಾವಾಸ್ಯೆಯ ದಿನ ಗರಾಜಿನಲ್ಲಿ ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಡುತ್ತಿದ್ದ. ಅಪ್ಪ ಅದರ ಮೇಲೆ ಹಾಯಿಸಿಕೊಂಡು ಆಫೀಸಿಗೆ ಹೋದರೆ ಗರಾಜೆಲ್ಲ ನಿಂಬೆಯ ವಾಸನೆ. ಅಪ್ಪನಿಗೆ ಅದು ಇಷ್ಟವಿತ್ತೋ ಇಲ್ಲವೋ ತಿಳಿಯದು. ಪಕ್ಕದ ಊರು ಪ್ಲೇನೋದ ಸ್ನೇಹಿತರು ಯಾರಾದರೂ ಅಜ್ಜನ ಕೆಲಸ ಕೇಳಿದರೆ ಮಾತ್ರ, "ಟ್ರಾನ್ಸ್‌ಪೋರ್ಟ್ ಡಿಪಾರ್ಟ್‌ಮೆಂಟಿನಲ್ಲಿದ್ರು" ಎಂದು ಹೇಳಿ ಬೇರೆ ಮಾತಿಗೆ ಹೋಗಿಬಿಡುತ್ತಿದ್ದರು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದು ನನ್ನ ಕಿವಿಗೆ ಬಿದ್ದಿತ್ತು.

ನನ್ನ ಹುಚ್ಚೆಂದರೆ ರೇಸ್ ಕಾರು. ಅದರಲ್ಲೂ ಒಬ್ಬನೇ ಒಬ್ಬ ಡ್ರೈವರ್: ಸಾಂತಿನೊ ಬ್ರೆಗೊಲಿ, ಇಟಲಿಯವನು. ಯುರೋಪಿನ ರೇಸುಗಳು ನಮ್ಮಲ್ಲಿ ಶನಿವಾರ, ಭಾನುವಾರದ ಬೆಳಿಗ್ಗೆಯೇ ಟಿವಿಯಲ್ಲಿ ಬರುತ್ತಿದ್ದವು. ಊರಿನ ಗಡಿಯಾರ ಮೈಯಿಂದ ಇಳಿಯದ ಅಜ್ಜ ನಸುಕಿಗೇ ಎದ್ದು ಕೂತಿರುತ್ತಿದ್ದ. ಶೇಂಗಾ ಹಿಂಡಿ ಕಲಸಿದ ಚುರುಮುರಿಯ ಬಟ್ಟಲು ನಡುವೆ ಇಟ್ಟುಕೊಂಡು ಇಬ್ಬರೂ ನೋಡುತ್ತಿದ್ದೆವು.

ಬ್ರೆಗೊಲಿಯ ಬಗ್ಗೆ ನಾನೊಂದು ಫೈಲು ಮಾಡಿದ್ದೆ. ಬೆಟ್ಟದ ಒಂದು ಸಣ್ಣ ಊರಿನವನು. ಅಪ್ಪ ಹಾಲಿನ ಲಾರಿಯ ಡ್ರೈವರ್. ಎಂಟನೇ ವಯಸ್ಸಿಗೆ ಹಳೇ ಗೋ-ಕಾರ್ಟ್ ಒಂದನ್ನು, ಮಕ್ಕಳ ಪುಟ್ಟ ರೇಸ್ ಗಾಡಿಯನ್ನು, ಓಡಿಸಲು ಶುರುಮಾಡಿದ. ಮೀಸೆ ಚಿಗುರುವ ಹೊತ್ತಿಗೆ ದೇಶದಲ್ಲೆಲ್ಲ ಹೆಸರು ಮಾಡಿದ. ಮುಂದೆ ಎಲ್ಲಕ್ಕಿಂತ ದೊಡ್ಡ ರೇಸುಗಳಿಗೂ ಹೋದ, ಆದರೆ ಸಿಕ್ಕಿದ್ದು ಬಡ ತಂಡ, ನಿಧಾನದ ಕಾರು. ಒಂದೂವರೆ ವರ್ಷದಲ್ಲಿ ಒಂದು ಪಾಯಿಂಟೂ ಬರಲಿಲ್ಲ. ತಂಡ ಬಾಗಿಲು ಹಾಕಿತು, ಇವನನ್ನು ಕೇಳುವವರಿಲ್ಲದಾಯಿತು. ಒಂದು ವರ್ಷ ಮನೆಯಲ್ಲಿ ಕೂತು, ಆಮೇಲೆ ಆರು ತಾಸಿನ ರೇಸುಗಳಿಗೆ ಬಂದ. ಅಲ್ಲಿ ಒಂದೇ ಕಾರನ್ನು ಇಬ್ಬರು, ಮೂವರು ಸರದಿಯಲ್ಲಿ ಓಡಿಸಬೇಕು. ಅವನು ಗೆದ್ದದ್ದೆಲ್ಲ ಅಲ್ಲೇ. ತನ್ನ ಸರದಿ ಮುಗಿದಾಗ ಟೈರು, ಬ್ರೇಕು ಸವೆಯದಂತೆ ಕಾರನ್ನು ಜೊತೆಗಾರನ ಕೈಗೆ ಕೊಡುತ್ತಾನೆ ಎನ್ನುವುದು ಅವನಿಗಿದ್ದ ಹೆಸರು. ಫೈಲಿನಲ್ಲಿ ಅಪ್ಪ ಲಾರಿ ಡ್ರೈವರ್ ಎಂಬ ಸಾಲಿಗೆ ನಾನೇ ಹಳದಿ ಬಣ್ಣ ಬಳಿದಿದ್ದೆ. ಎಷ್ಟು ಕೆಳಗಿಂದ ಮೇಲೆ ಬಂದ ನೋಡಿ ಎಂದು ಕ್ಲಾಸಿನಲ್ಲಿ ಎಲ್ಲರಿಗೂ ಹೇಳುತ್ತಿದ್ದೆ. ನನ್ನ ಮಂದ ಬುದ್ಧಿಗೆ ಆಗಲೂ ಏನೂ ಹೊಳೆಯಲಿಲ್ಲ.

ಫೈಲು ಓದದೆಯೇ ಅಜ್ಜ ಅವನನ್ನು ಗುರುತಿಸಿದ್ದ. "ಈ ಮನಶ್ಯಾ ಗಾಡಿ ನೋಯಸಂಗಿಲ್ಲ ನೋಡವ್ವಿ," ಎಂದ ಒಂದು ದಿನ. "ಉಳದವ್ರು ತಿರುವಿನ್ಯಾಗ ಬ್ರೇಕ್ ತುಳೀತಾರ. ಇಂವ ಮೊದಲ ಸಂಭಾಳಿಸಿಕೊಂಡು ಬರ್ತಾನ. ಘಟ್ಟ ಇಳಿಯೂ ಮಂದಿ ಹಂಗ."

ಸಂಜೆ ಬಿಸಿಲು ತಗ್ಗಿದ ಮೇಲೆ ಗರಾಜಿನ ಮುಂದಿನ ಡ್ರೈವ್‌ವೇ ಮೇಲೆ ಅಜ್ಜ ಬಣ್ಣದ ಚಾಕ್‌ಪೀಸಿನಲ್ಲಿ ಅರಬೈಲ್ ಘಟ್ಟ ಬರೆಯುತ್ತಿದ್ದ. ಗರಾಜಿನ ಬಾಗಿಲಲ್ಲಿ ಯಲ್ಲಾಪುರದ ಕಡೆ, ರಸ್ತೆಯ ಅಂಚಿಗೆ ಸಮುದ್ರ. ನಡುವೆ ಹಾವಿನಂತೆ ತಿರುವುಗಳು. ಒಂದೊಂದು ತಿರುವಿಗೂ ಒಂದೊಂದು ಕತೆ: ಇಲ್ಲಿ ಬ್ರೇಕ್ ಹೋದದ್ದು, ಇಲ್ಲಿ ಮಂಜಿನಲ್ಲಿ ಕಂಡಕ್ಟರ್ ಟಾರ್ಚ್ ಹಿಡಿದು ಮುಂದೆ ನಡೆದದ್ದು, ಇಲ್ಲಿ ಬಸ್ಸಿನಲ್ಲೇ ಒಬ್ಬಳಿಗೆ ಹೆರಿಗೆಯಾದದ್ದು. ನಾನು ಮೊಣಕಾಲೂರಿ ಆಟಿಕೆಯ ಕಾರು ತಳ್ಳುತ್ತಿದ್ದೆ. ಬಾಯಲ್ಲಿ ಎಂಜಿನ್ನಿನ ಸದ್ದು ಮಾಡಿದರೆ ಅಜ್ಜ, "ಗೇರ್ ತಪ್ಪಿತು" ಎನ್ನುತ್ತಿದ್ದ. ಬೆಳಿಗ್ಗೆ ಹುಲ್ಲಿಗೆ ನೀರು ಚಿಮ್ಮುವ ಹೊತ್ತಿಗೆ ಘಟ್ಟವೆಲ್ಲ ತೊಳೆದುಹೋಗಿರುತ್ತಿತ್ತು. ಸಂಜೆ ಮತ್ತೆ ಬರೆಯುತ್ತಿದ್ದ.

ಶಾಲೆಯಲ್ಲಿ ನನ್ನ ಗೆಳತಿ ಮೇಘನಾ, ಮೈಸೂರಿನ ಕಡೆಯವಳು. ಅವಳ ತಾತ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಆಗಸ್ಟಿನಲ್ಲಿ ಶಾಲೆ ಶುರುವಾದ ವಾರ, ಅಜ್ಜ-ಅಜ್ಜಿಯರ ಕೆಲಸದ ಬಗ್ಗೆ ಒಂದು ಪುಟ ಬರೆದು ತನ್ನಿ ಎಂದರು ನಮ್ಮ ಟೀಚರ್. ಮೇಘನಾ ತಾತನ ಸೂಟಿನ ಫೋಟೊ ಅಂಟಿಸಿದಳು. ನಾನು ಪಕ್ಕದಲ್ಲಿ ಕೂತು, ನನ್ನ ಅಜ್ಜ ಶಾಲೆಯ ಟೀಚರ್ ಆಗಿದ್ದ ಎಂದು ಬರೆದೆ. ಯಾರೂ ಹೇಳಿಕೊಟ್ಟದ್ದಲ್ಲ. ಪೆನ್ಸಿಲು ತಾನಾಗಿ ಹೋಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೋಗಲಿಲ್ಲ, ನಾನೇ ಬರೆದೆ.

ಬ್ರೆಗೊಲಿ ಆ ಸೀಸನ್ ಮುಗಿಸಿ ನಿವೃತ್ತನಾಗುತ್ತೇನೆಂದಿದ್ದ. ಸೆಪ್ಟೆಂಬರಿನಲ್ಲಿ ಆಸ್ಟಿನ್ನಿನ ಟ್ರ್ಯಾಕಿನಲ್ಲಿ ಅವನ ರೇಸಿತ್ತು. ಅಪ್ಪ ಟಿಕೆಟ್ ತಂದರು. ಮೇಘನಾ, ಅವಳಪ್ಪ ಸತೀಶ್ ಅಂಕಲ್ ಕೂಡ ಬರುತ್ತಾರೆ, ಅವರ ವ್ಯಾನಿನಲ್ಲೇ ಹೋಗೋಣ ಎಂದಾಗ ನನಗೆ ಶಾಲೆಯಲ್ಲಿ ಕೊಟ್ಟ ಆ ಪುಟ ನೆನಪಾಯಿತು.

ಬೆಳಕು ಹರಿಯುವಾಗಲೇ ಹೊರಟೆವು. ಅಮ್ಮ ಹಲಪೆನ್ಯೊ ಮೆಣಸಿನಕಾಯಿಯ ಮಿರ್ಚಿ ಭಜಿ ಕಟ್ಟಿಕೊಟ್ಟಿದ್ದಳು, ವ್ಯಾನೆಲ್ಲ ಅದರದೇ ಘಮ. ಸತೀಶ್ ಅಂಕಲ್ ಅಜ್ಜನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, "ಆರಾಮಾಗಿ ಕೂತ್ಕೊಳಿ ಸರ್" ಎಂದರು. ಅಜ್ಜ ಬಾಯಿ ತೆರೆದಾಗಲೆಲ್ಲ ನಾನು ಹಿಂದಿನಿಂದ ನೀರು ಬೇಕು, ಎಸಿ ಹೆಚ್ಚಾಯಿತು, ಇನ್ನೆಷ್ಟು ದೂರ ಎಂದು ಅಡ್ಡ ಬರುತ್ತಿದ್ದೆ. ಹೀಗೆ ಮೂರೂವರೆ ತಾಸು ಅಜ್ಜನ ಮಾತಿಗೆ ಕಾವಲು ಕೂತೆ.

ಟ್ರ್ಯಾಕಿನ ಮೊದಲ ತಿರುವಿಗೆ ಕಡಿದಾದ ಏರೊಂದಿದೆ. ಅದನ್ನು ಕಂಡದ್ದೇ ಅಜ್ಜ ನಿಂತುಬಿಟ್ಟ. "ನಮ್ಮ ಘಟ್ಟದಾಗಿಂದ ಒಂದು ತುಂಡು ಕಡದು ತಂದಾರಲ್ಲೋ," ಎಂದು ಅಪ್ಪನಿಗೆ ಹೇಳಿದ. ಅಪ್ಪ ನಕ್ಕು, "ಬರ್ರಿ ಅಪ್ಪಾ, ಬಿಸಿಲು" ಎಂದರು.

ರೇಸಿಗೆ ಮುಂಚೆ ಸ್ವಲ್ಪ ಹೊತ್ತು ಜನರನ್ನು ಕಾರುಗಳ ಹತ್ತಿರವೇ ಬಿಡುತ್ತಿದ್ದರು. ಅಪ್ಪ ನೀರು ತರಲು ಹೋಗಿದ್ದರು. ನಾನು, ಮೇಘನಾ, ಸತೀಶ್ ಅಂಕಲ್, ಅಜ್ಜ ಬ್ರೆಗೊಲಿಯ ಕಾರಿನ ಮುಂದೆ ನಿಂತಿದ್ದೆವು. ಸಹಿಗೆಂದು ಟೋಪಿ ಹಿಡಿದುಕೊಂಡಿದ್ದೆ. ತಿರುಗಿ ನೋಡುವಷ್ಟರಲ್ಲಿ ಅಜ್ಜ ಹಗ್ಗದ ಕೆಳಗೆ ನುಸುಳಿದ್ದ. ಜೇಬಿನಿಂದ ನಿಂಬೆಹಣ್ಣು ತೆಗೆದು, ಮುಂದಿನ ಗಾಲಿಯ ಬುಡದಲ್ಲಿ ಇಟ್ಟು, ಟೈರಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತಿದ್ದ. ಮರ್ಫಿಯಿಂದ ಆ ಹಣ್ಣು ತಂದದ್ದು ಯಾರಿಗೂ ಗೊತ್ತಿರಲಿಲ್ಲ.

ಕೈಗವಸಿನ ಮೆಕ್ಯಾನಿಕ್ ಒಬ್ಬ ಓಡಿ ಬಂದ. ಸುತ್ತಲಿನವರು ಫೋನೆತ್ತಿ ವಿಡಿಯೊ ಮಾಡತೊಡಗಿದರು. ಯಾರೋ ನಕ್ಕರು. ಈ ಮುದುಕ ನನ್ನವನಲ್ಲ ಎನ್ನುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿದದ್ದು ಇವತ್ತಿಗೂ ಕಾಲಿಗೆ ನೆನಪಿದೆ.

ಆಗ ಬ್ರೆಗೊಲಿಯೇ ಬಂದ. ಟಿವಿಯಲ್ಲಿ ಕಂಡದ್ದಕ್ಕಿಂತ ಗಿಡ್ಡ, ಕೆನ್ನೆಯ ಪಕ್ಕ ಬಿಳಿ ಕೂದಲು. ಮೆಕ್ಯಾನಿಕ್‌ನನ್ನು ತಡೆದು, ಬಗ್ಗಿ ಹಣ್ಣೆತ್ತಿ ಮೂಸಿ ನೋಡಿದ. ಇದೇನು ಎಂದು ನನ್ನನ್ನು ಕೇಳಿದ. ನಮ್ಮ ಕಡೆ ಗಾಡಿಗೆ ಒಳ್ಳೆಯದಾಗಲಿ ಅಂತ ಇಡುತ್ತಾರೆ ಎಂದು ತೊದಲುತ್ತ ಹೇಳಿದೆ. ಅವನು ನಗಲಿಲ್ಲ. ಟೈರಿನ ಮೇಲೇ ಇದ್ದ ಅಜ್ಜನ ಅಂಗೈಯನ್ನು, ಆಮೇಲೆ ಅಜ್ಜನ ಮುಖವನ್ನು ನೋಡಿದ. ಎರಡೂ ಕೈಯಿಂದ ಗಾಳಿಯಲ್ಲಿ ಸ್ಟಿಯರಿಂಗ್ ಹಿಡಿದು ತೋರಿಸುತ್ತ, "ಡ್ರೈವರ್?" ಎಂದ.

ಆ ಒಂದು ಶಬ್ದಕ್ಕೆ ಅಜ್ಜನಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಬೆನ್ನು ನೆಟ್ಟಗಾಯಿತು, ಕೈ ಎದೆಯ ಮೇಲೆ ಬಂತು. ಅಷ್ಟು ಖುಷಿಯಾದ ಮುಖವನ್ನು ಅವನು ಬಂದಾಗಿನಿಂದ ನಾನು ನೋಡಿರಲಿಲ್ಲ. ಮೂವತ್ತು ವರ್ಷ, ಘಟ್ಟ, ಬಸ್ಸು, ಎಲ್ಲವನ್ನೂ ನೀನು ಇಂಗ್ಲಿಷಿನಲ್ಲಿ ಹೇಳು ಎಂಬಂತೆ ನನ್ನ ಕಡೆ ನೋಡಿದ.

ಮೇಘನಾ ನನ್ನ ಪಕ್ಕದಲ್ಲೇ ಇದ್ದಳು.

"ನೋ," ಎಂದೆ. "ಹೀ ವಾಸ್ ಎ ಟೀಚರ್." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ವಯಸ್ಸಾಗಿದೆ, ಕೆಲವೊಮ್ಮೆ ಏನು ಮಾಡುತ್ತಿದ್ದೇನೆಂದು ತಿಳಿಯುವುದಿಲ್ಲ ಎಂದೂ ಸೇರಿಸಿದೆ.

ಟೀಚರ್ ಎಂಬ ಶಬ್ದವೂ ಅಜ್ಜನಿಗೆ ಗೊತ್ತಿತ್ತು. ಎದೆಯ ಮೇಲಿನ ಕೈ ಮೆಲ್ಲಗೆ ಇಳಿಯಿತು. ಬ್ರೆಗೊಲಿ ಒಂದು ಕ್ಷಣ ಅಜ್ಜನನ್ನೂ ನನ್ನನ್ನೂ ನೋಡಿ, ಅಜ್ಜನಿಗೆ ತಲೆಬಾಗಿ, ಹಣ್ಣನ್ನು ಜೇಬಿಗೆ ಹಾಕಿಕೊಂಡ. ನನ್ನ ಟೋಪಿಗೆ ಸಹಿ ಮಾಡಿಕೊಟ್ಟ.

ಆರು ತಾಸು ರೇಸ್ ನಡೆಯಿತು. ಗಾಳಿಯಲ್ಲಿ ಕಾದ ಬ್ರೇಕಿನ ವಾಸನೆ ತುಂಬಿತ್ತು. ಅಜ್ಜ ಭಜಿಯನ್ನು ಮುಟ್ಟಲಿಲ್ಲ. ಬ್ರೆಗೊಲಿಯ ಕಾರು ಐದನೆಯದಾಗಿ ಬಂತು. ಕೊನೆಯಲ್ಲಿ ಅವನು ಕಾರಿನಿಂದಿಳಿದು ಮುಂದಿನ ಗಾಲಿಯ ಮೇಲೆ ಅಂಗೈ ಊರಿದ್ದನ್ನು ದೊಡ್ಡ ಪರದೆಯಲ್ಲಿ ತೋರಿಸಿದರು. ಜನ ಎದ್ದು ಚಪ್ಪಾಳೆ ತಟ್ಟಿದರು. ನಾನು ಅಜ್ಜನ ಕಡೆ ತಿರುಗುವ ಧೈರ್ಯ ಮಾಡಲಿಲ್ಲ.

ವಾಪಸು ಬರುವಾಗ ಸತೀಶ್ ಅಂಕಲ್ ಕೇಳಿಯೇಬಿಟ್ಟರು. "ಯಾವ ಸಬ್ಜೆಕ್ಟ್ ಪಾಠ ಮಾಡ್ತಿದ್ರಿ ಸರ್?"

ಅಜ್ಜ ಕಿಟಕಿಯ ಹೊರಗೆ ನೋಡುತ್ತಲೇ ಇದ್ದ.

"ಕನ್ನಡ ರೀ," ಎಂದ.

ಅಪ್ಪ ಕತ್ತು ಹೊರಳಿಸಿ ಮೊದಲು ಅಜ್ಜನನ್ನು, ಆಮೇಲೆ ನನ್ನನ್ನು ನೋಡಿದರು. ತಿದ್ದಲು ಹೋಗದೆ ಅವರೂ ಕಿಟಕಿಯ ಕಡೆ ತಿರುಗಿದರು. ಟ್ರಾನ್ಸ್‌ಪೋರ್ಟ್ ಡಿಪಾರ್ಟ್‌ಮೆಂಟ್ ಎಂದವರು ಅವರೇ ತಾನೇ.

ಮರುದಿನ ಸಂಜೆ ಅಜ್ಜ ಡ್ರೈವ್‌ವೇಗೆ ಬಂದು ಚಾಕ್‌ಪೀಸಿನ ಡಬ್ಬಿ ತರಲು ಹೇಳಿದ. ಬೈಗುಳ ಬಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಜ್ಜ ಘಟ್ಟ ಬರೆಯಲಿಲ್ಲ. ಗರಾಜಿನ ಮುಂದೆ ದೊಡ್ಡದಾಗಿ, ದುಂಡಗೆ, 'ಅ' ಬರೆದ.

"ತಿದ್ದು," ಎಂದ. "ನಾಕು ಮಂದಿ ಮುಂದ ಮಾಸ್ತರ ಅಂದಿ. ಒಬ್ಬರಿಗರೆ ಕಲಿಸಬೇಕಲ್ಲ. ನಮ್ಮ ಮೊಮ್ಮಗಳ ಮಾತು ಸುಳ್ಳಾಗಬಾರದು."

ಏಳನೇ ಕ್ಲಾಸು ಓದಿದ ಅಜ್ಜ ಡಿಸೆಂಬರಿನ ತನಕ ದಿನವೂ ಕಲಿಸಿದ. ಅಕ್ಷರ, ಕಾಗುಣಿತ, ಒತ್ತಕ್ಷರ. ಮೊಣಕಾಲೂರಿ ತಿದ್ದುತ್ತಿದ್ದೆ, ತಪ್ಪಿದರೆ ಅಂಗೈಯಿಂದ ಒರೆಸುತ್ತಿದ್ದ. ಬಾಯಿಗೂ ನಿಧಾನವಾಗಿ ಕನ್ನಡ ಬಂತು. ಒಂದು ಸಂಜೆ ಬರೆದು ಮುಗಿಸಿ, ಧೈರ್ಯ ಮಾಡಿ, "ಅಜ್ಜಾ, ಬಸ್ಸಿನ ಕತಿ ಹೇಳು" ಎಂದೆ. ನಾನು ಅವನಿಗೆ ಕನ್ನಡದಲ್ಲಿ ಆಡಿದ ಮೊದಲ ಪೂರ್ತಿ ಮಾತು ಅದು.

ಅಜ್ಜ ಚಾಕ್‌ಪೀಸು ಡಬ್ಬಿಗೆ ಹಾಕುತ್ತ ನಕ್ಕ. ಸಿಟ್ಟೇನೂ ಇರಲಿಲ್ಲ. "ಮಾಸ್ತರಿಗೆ ಬಸ್ಸಿನ ಕತಿ ಹೆಂಗ ಗೊತ್ತಿರತೈತವ್ವಿ," ಎಂದ.

ಆಮೇಲೆ ಊರಿಗೆ ಹೋದ. ಫೋನಿನಲ್ಲಿ ನಾನು ಓದಿದ್ದು, ಬರೆದದ್ದು ಕೇಳುತ್ತಿದ್ದ. ಬಸ್ಸಿನ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ಮತ್ತೆ ಕೇಳಲಿಲ್ಲ, ಕ್ಷಮಿಸು ಎಂದೂ ಹೇಳಲಿಲ್ಲ. ಹೇಳಲು ಬೇಕಾದಷ್ಟು ಕನ್ನಡ ಅಷ್ಟರಲ್ಲಿ ನನಗೆ ಬರುತ್ತಿತ್ತು, ಆ ನೆಪವೂ ಇಲ್ಲ. ನಾನು ಹ್ಯೂಸ್ಟನ್ನಿಗೆ ಕಾಲೇಜಿಗೆ ಬಂದ ವರ್ಷ ಅಜ್ಜ ತೀರಿಕೊಂಡ.

ಹೋದ ತಿಂಗಳು, ಹ್ಯೂಸ್ಟನ್ನಿನ ನನ್ನ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಪಕ್ಕದ ಮನೆಯ ಮಕ್ಕಳು ಚಾಕ್‌ಪೀಸು ಬಿಟ್ಟು ಹೋಗಿದ್ದರು. ಎತ್ತಿಕೊಂಡು ಅರಬೈಲ್ ಘಟ್ಟ ಬರೆಯಲು ಕೂತೆ. ಮೊದಲ ಮೂರು ತಿರುವು ಬಂದವು. ನಾಲ್ಕನೆಯದು ಎಡಕ್ಕೋ ಬಲಕ್ಕೋ ನೆನಪಾಗಲಿಲ್ಲ. ಬಸ್ಸಿನಲ್ಲಿ ಹೆರಿಗೆಯಾದದ್ದು ಯಾವ ತಿರುವಿನಲ್ಲಿ, ಹುಟ್ಟಿದ್ದು ಗಂಡೋ ಹೆಣ್ಣೋ, ಅದೂ ಗೊತ್ತಿಲ್ಲ. ಅಪ್ಪನಿಗೆ ಫೋನ್ ಮಾಡಿದೆ, ಅವರಿಗೂ ಗೊತ್ತಿರಲಿಲ್ಲ. ದಾರಿ ಅಲ್ಲಿಗೇ ನಿಂತಿತು.

ಅದರ ಕೆಳಗೆ ದುಂಡಗೆ ಬರೆದೆ: ನಮ್ಮ ಅಜ್ಜ ಡ್ರೈವರ್ ಇದ್ದ. ಒಂದು ಅಕ್ಷರವೂ ತಪ್ಪಲಿಲ್ಲ. ಅಂದು 'ಡ್ರೈವರ್?' ಎಂದು ಕೇಳಿದವನಿಗೆ ಕನ್ನಡ ಬರುವುದಿಲ್ಲ, ಕಲಿಸಿದವನು ಇಲ್ಲ. ಸಂಜೆ ಹುಲ್ಲಿಗೆ ನೀರು ಬಿಡುವ ತನಕ ಅದರ ಪಕ್ಕದಲ್ಲೇ ಕೂತಿದ್ದೆ.